ಮೀನಾಳ ಮಾವಿನ ಹಣ್ಣು, ನಮ್ಮ ಮಕ್ಕಳ ಮನೆಜಗಳ: ಒಬ್ಬ ಶಿಕ್ಷಕಿಯ ಅನುಭವದ ಪಾಠಗಳು

ಮಾವಿನ ಹಣ್ಣು ಒಂದು, ತಿನ್ನುವ ಮಕ್ಕಳು ಇಬ್ಬರು. ತಾಯಿ ಹೆಚ್ಚಿಕೊಡುವಾಗ ಮಗನಿಗೆ ದೊಡ್ಡ ಪಾಲು, ಮಗಳಿಗೆ ಚಿಕ್ಕದು. ಊಟಕ್ಕೆ ಕೂತಾಗಲೂ ಅದೇ ಕಥೆ. ಇಬ್ಬರೂ ದುಡಿಯುವವರೇ, ಮತ್ತೆ ನನಗೇಕೆ ಕಡಿಮೆ ಎಂದು ಮಗಳು ತಕರಾರು ತೆಗೆಯುತ್ತಾಳೆ. ಗಂಡುಹುಡುಗನಿಗೆ ಹೆಚ್ಚು ಬೇಕು ಎಂದು ಮನೆಯ ಹಿರಿಯರ ವಾದ. ಕೊನೆಗೆ ಇಬ್ಬರು ಮಕ್ಕಳೂ ಒಂದು ದಿನದ ಮಟ್ಟಿಗೆ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಹುಡುಗ ಸುಸ್ತಾಗಿ ಕೂತಿರುತ್ತಾನೆ.

ಯುನಿಸೆಫ್‌ನ ‘ಮೀನಾ’ ಕಾರ್ಟೂನ್ ಸರಣಿಯ ಹೆಸರಾಂತ ಕಂತು ಇದು. ಸಾರ್ಕ್ ದೇಶಗಳು 1990ನ್ನು ಹೆಣ್ಣುಮಗುವಿನ ವರ್ಷವೆಂದೂ, 1991ರಿಂದ 2000ದವರೆಗಿನ ಅವಧಿಯನ್ನು ಹೆಣ್ಣುಮಗುವಿನ ದಶಕವೆಂದೂ ಘೋಷಿಸಿದ ಹೊತ್ತಿನಲ್ಲಿ ಹುಟ್ಟಿದ ಪಾತ್ರ ಮೀನಾ. ಅವಳಿಗೆ ರೂಪ ಕೊಟ್ಟವರು ಭಾರತದ ಅನಿಮೇಷನ್ ಕಲೆಯ ಹಿರಿಯ ರಾಮಮೋಹನ್. ಅವರಿಗೆ 2014ರಲ್ಲಿ ಪದ್ಮಶ್ರೀ ಬಂತು. ಭಾರತ, ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನಗಳ ಮಕ್ಕಳಿಗೆ ಚಿತ್ರಗಳನ್ನು ತೋರಿಸಿ, ಕೇಳಿ, ತಿದ್ದಿ, ಯಾವ ಊರಿಗೂ ಪರಕೀಯಳಾಗದಂತೆ ಅವಳ ಮುಖ, ಉಡುಪು, ಹೆಸರುಗಳನ್ನು ನಿಶ್ಚಯಿಸಿದರು. ಜೊತೆಗೆ ರಾಜು ಎಂಬ ಸಹೋದರ, ಮಿಠ್ಠು ಎಂಬ ಮಾತಾಡುವ ಗಿಳಿ.

ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಈ ನಾಲ್ಕೂ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಾನು ಪಾಠ ಮಾಡಿದ್ದೇನೆ. ವರ್ಗವಾಗಿ ಹೋದಲ್ಲೆಲ್ಲ ಈ ಕಂತು ಪೆನ್‌ಡ್ರೈವ್‌ನಲ್ಲಿ ನನ್ನ ಜೊತೆ ಬಂದಿದೆ. ಮನೆಯೊಳಗಿನ ಜಗಳದ ಬಗ್ಗೆ ಮಕ್ಕಳು ಶಾಲೆಯಲ್ಲಿ ಬಾಯಿಬಿಡುವುದಿಲ್ಲ. ಕಾರ್ಟೂನು ಅವರಿಗೊಂದು ಮರೆ ಕಟ್ಟಿಕೊಡುತ್ತದೆ. ಮೀನಾಳ ಮನೆಯ ಹೆಸರಿನಲ್ಲಿ ತಮ್ಮ ಮನೆಯ ಮಾತನ್ನು ಆಡಿಬಿಡುತ್ತಾರೆ. ಆ ಮರೆಯನ್ನು ಕಾಯುವುದು ಶಿಕ್ಷಕರ ಮೊದಲ ಕೆಲಸ, ಸರಿ-ತಪ್ಪು ಹೇಳುವುದು ಆಮೇಲಿನದು. ಕೆಳಗಿನ ಪಾಠಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

1. ಖಳನಿಲ್ಲದ ಜಗಳವನ್ನು ಆರಿಸಿಕೊಳ್ಳಿ

ಟಿವಿಯಲ್ಲಿ ಮನೆಜಗಳಕ್ಕೆ ಬರವಿಲ್ಲ. ಕನ್ನಡದಲ್ಲಿ ಮಕ್ಕಳಿಗೆಂದೇ ಚಿಂಟು ಟಿವಿ ಬಂದದ್ದು 2009ರಲ್ಲಿ. ಅದಕ್ಕೂ ಮೊದಲೇ ದಾಂಡೇಲಿಯ ಮಕ್ಕಳು ಹಿಂದಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದರು. ಶಿನ್‌ಚಾನ್‌ನ ಅಪ್ಪ-ಅಮ್ಮನ ಕಿತ್ತಾಟ ಅವರಿಗೆ ಬಾಯಿಪಾಠ. ಆ ಕಾರ್ಟೂನನ್ನು ಕೇಂದ್ರ ಸರ್ಕಾರ 2008ರಲ್ಲಿ ನಿಲ್ಲಿಸಿತ್ತು. ಮರುವರ್ಷ ಅದು ಕತ್ತರಿ ಹಾಕಿಸಿಕೊಂಡು ಮರಳಿತು. ನಗಿಸುವುದಕ್ಕೆ ಅದು ಸರಿ. ಆದರೆ ಅಲ್ಲಿ ಜಗಳ ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ, ಮರುದಿನ ಮತ್ತೆ ಅಲ್ಲಿಂದಲೇ ಶುರು. ಇನ್ನು ಕೆಲವು ನೀತಿಕಥೆಗಳಲ್ಲಿ ಅತ್ತೆಯೋ ಮಲತಾಯಿಯೋ ಕೆಟ್ಟವಳು, ಅವಳು ಸೋತರೆ ಕಥೆ ಮುಗಿಯಿತು.

ಮೀನಾಳ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಚಿಕ್ಕ ಪಾಲು ಕೊಟ್ಟ ತಾಯಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ತನಗೂ ಹಾಗೆಯೇ ಕೊಟ್ಟಿದ್ದರು, ತಾನೂ ಹಾಗೆಯೇ ಕೊಡುತ್ತಿದ್ದಾಳೆ. ನಮ್ಮ ಕಡೆಯ ಬಹುಪಾಲು ಮನೆಗಳ ಜಗಳವೂ ಇಂಥದ್ದೇ. ಕಂತನ್ನು ಆರಿಸುವಾಗ ನಾನು ನೋಡುವುದು ಇಷ್ಟೇ: ಇದನ್ನು ನೋಡಿದ ಮಗು ಸಂಜೆ ಮನೆಗೆ ಹೋಗಿ ತನ್ನ ಅವ್ವನ ಮುಖವನ್ನು ಎಂದಿನಂತೆಯೇ ನೋಡಬಲ್ಲದೇ? ಅವ್ವ ಅಪರಾಧಿಯಂತೆ ಕಂಡರೆ ಆ ಕಾರ್ಟೂನು ನಮಗೆ ಬೇಡ.

2. ಕೊನೆ ಬರುವ ಮೊದಲು ನಿಲ್ಲಿಸಿ

ಹಣ್ಣು ಹಂಚಿದ ಕೂಡಲೇ ನಾನು ಚಿತ್ರ ನಿಲ್ಲಿಸುತ್ತೇನೆ. ಮುಂದೇನು ಎಂದು ಮಕ್ಕಳನ್ನು ಕೇಳುತ್ತೇನೆ. ಕಥೆ ಪೂರ್ತಿ ನೋಡಿದ ಮೇಲೆ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಗಂಡು-ಹೆಣ್ಣು ಸಮಾನರು. ಅದು ಪರೀಕ್ಷೆಯ ಉತ್ತರ. ನಡುವೆ ನಿಲ್ಲಿಸಿದರೆ ನಿಜವಾದ ಉತ್ತರಗಳು ಬರುತ್ತವೆ.

ಹಳಿಯಾಳದ ಕಡೆಯ ಒಂದು ಶಾಲೆಯಲ್ಲಿ ಮಕ್ಕಳು ಹೇಳಿದ ಪರಿಹಾರಗಳು ಹೀಗಿದ್ದವು. ದೊಡ್ಡವರು ಯಾರೋ ಅವರಿಗೆ ದೊಡ್ಡ ಪಾಲು. ಹಣ್ಣು ಯಾರು ತಂದರೋ ಅವರಿಗೆ ದೊಡ್ಡ ಪಾಲು. ಇಬ್ಬರಿಗೂ ಸಮ ಕೊಟ್ಟು ಗೊರಟೆ ಅವ್ವನಿಗೆ. ಗೊರಟೆ ಎಂದದ್ದೇ ತಡ, ಗಲಾಟೆ ಎದ್ದಿತು. ಧಾರವಾಡದ ಸೀಮೆಯ ಆಪೂಸು ಹಳಿಯಾಳ, ಮುಂಡಗೋಡದವರೆಗೂ ಹಬ್ಬಿದೆ. ಆಪೂಸು ತಿಂದು ಬೆಳೆದ ಮಕ್ಕಳಿಗೆ ಗೊರಟೆ ಚೀಪುವುದು ಏನೆಂದು ಹೇಳಿಕೊಡಬೇಕೇ? ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು, ‘ಒಬ್ಬರು ಹೆಚ್ಚಲಿ ಅಕ್ಕೋರ, ಇನ್ನೊಬ್ಬರು ಆರಿಸಲಿ’ ಎಂದಳು. ಹೆಚ್ಚುವವರಿಗೆ ಯಾವ ಪಾಲು ಸಿಗುತ್ತದೆಂದು ಗೊತ್ತಿಲ್ಲದಿದ್ದರೆ ಕೈ ತಾನಾಗಿ ಸಮ ಬರುತ್ತದೆ. ನ್ಯಾಯಶಾಸ್ತ್ರದ ಪಂಡಿತರೂ ಹೇಳುವ ಉಪಾಯ ಅದು. ಅವಳ ಮನೆಯಲ್ಲಿ ಅದು ರೂಢಿಯಲ್ಲಿತ್ತು ಅಷ್ಟೆ.

ಕೊನೆ ನೋಡಿದ ಮೇಲೂ ಮಕ್ಕಳು ತಮ್ಮ ಪರಿಹಾರವನ್ನು ಬಿಟ್ಟುಕೊಡುವುದಿಲ್ಲ. ಕಾರ್ಟೂನಿನ ಕೊನೆ ಅವರಿಗೆ ಹಲವು ಪರಿಹಾರಗಳಲ್ಲಿ ಒಂದು. ಹಾಗೇ ಇರಲಿ.

3. ‘ನಿಮ್ಮ ಮನೆಯಲ್ಲಿ ಹೇಗೆ?’ ಎಂದು ಕೇಳಬೇಡಿ

ಕೇಳಬೇಕು ಎಂಬ ಆಸೆ ನಾಲಿಗೆಯ ತುದಿಗೆ ಬರುತ್ತದೆ. ತಡೆದುಕೊಳ್ಳಿ. ಹಾಗೆ ಕೇಳಿದ ಕ್ಷಣ ಮರೆ ಬಿದ್ದುಹೋಗುತ್ತದೆ. ಇಡೀ ತರಗತಿಯ ಎದುರು ಮಗು ತನ್ನ ಮನೆಯನ್ನು ಕಾಪಾಡಿಕೊಳ್ಳಲು ನಿಲ್ಲುತ್ತದೆ. ‘ನಮ್ಮ ಮನ್ಯಾಗ ಎಲ್ಲಾರಿಗೂ ಸಮ’ ಎನ್ನುತ್ತದೆ, ಪಕ್ಕದ ಮನೆಯ ಮಗು ಕಿಸಕ್ಕೆಂದು ನಗುತ್ತದೆ. ಸಣ್ಣ ಊರು, ಎಲ್ಲರಿಗೂ ಎಲ್ಲರ ಮನೆ ಗೊತ್ತು. ಸಂಜೆಯೊಳಗೆ ಮಾತು ಬಾವಿಕಟ್ಟೆ ಮುಟ್ಟುತ್ತದೆ. ಮಾರನೆಯ ದಿನ ಆ ತಾಯಿ ಶಾಲೆಯ ಬಾಗಿಲಲ್ಲಿ ನಿಂತಿರುತ್ತಾಳೆ.

ನಾನು ಕೇಳುವ ಪ್ರಶ್ನೆಗಳು ಬೇರೆ. ಈಗ ರಾಜು ಏನು ಯೋಚಿಸುತ್ತಿದ್ದಾನೆ? ಅಮ್ಮ ಮೀನಾಳ ಕಡೆ ನೋಡದೆ ಪಾತ್ರೆಯ ಕಡೆ ಯಾಕೆ ನೋಡಿದಳು? ಅಪ್ಪ ಯಾಕೆ ಸುಮ್ಮನಿದ್ದಾನೆ? ಮಿಠ್ಠು ನಿಮ್ಮ ಓಣಿಗೆ ಬಂದರೆ ಯಾರ ಮನೆಯ ಚಾವಣಿ ಮೇಲೆ ಕೂತು ಕಿರುಚುತ್ತಾನೆ? ಕೊನೆಯ ಪ್ರಶ್ನೆಗೆ ಎಲ್ಲರೂ ನಗುತ್ತಾರೆ, ಯಾರೂ ಹೆಸರು ಹೇಳುವುದಿಲ್ಲ. ಆದರೆ ಒಳಗೊಳಗೇ ಎಲ್ಲರೂ ಒಂದು ಮನೆಯನ್ನು ನೆನೆದಿರುತ್ತಾರೆ. ನನಗೆ ಅಷ್ಟು ಸಾಕು.

4. ಧ್ವನಿ ಮುಚ್ಚಿ, ಮಾತು ಮಕ್ಕಳಿಗೆ ಬಿಡಿ

ನನ್ನ ಬಳಿ ಇದ್ದದ್ದು ಹಿಂದಿಯ ಆವೃತ್ತಿ. ಜೊಯಿಡಾದ ಒಳಹಳ್ಳಿಯ ಎರಡನೇ ತರಗತಿಯ ಮಗುವಿಗೆ ಹಿಂದಿಯೂ ದೂರ, ಪಠ್ಯದ ಕನ್ನಡವೂ ದೂರ. ಕುಣಬಿ ಮಕ್ಕಳ ಮನೆಮಾತು ಕೊಂಕಣಿ. ಸಿದ್ದಿ ಮಕ್ಕಳದೂ ಕೊಂಕಣಿಯೇ, ಅದರ ಧಾಟಿ ಬೇರೆ. ಗೌಳಿ ಮಕ್ಕಳದು ಮರಾಠಿಯ ಒಂದು ಬಗೆ. ಮುಂಡಗೋಡದ ತಾಂಡಾಗಳಲ್ಲಿ ಲಂಬಾಣಿ. ದಾಂಡೇಲಿಗೆ ಕಾಗದ ಕಾರ್ಖಾನೆಯ ಕೆಲಸ ಅರಸಿ ಎಲ್ಲೆಲ್ಲಿಂದಲೋ ಜನ ಬಂದದ್ದರಿಂದ ಅಲ್ಲಿಯ ಒಂದೇ ಬೆಂಚಿನಲ್ಲಿ ಉರ್ದು, ಮರಾಠಿ, ತೆಲುಗು, ಕನ್ನಡ ಒಟ್ಟಿಗೆ ಕೂರುತ್ತವೆ.

ಆದ್ದರಿಂದ ಚಿತ್ರವನ್ನು ಎರಡನೇ ಸಲ ಧ್ವನಿ ಮುಚ್ಚಿ ಓಡಿಸುತ್ತೇನೆ. ಒಬ್ಬರು ಮೀನಾ, ಒಬ್ಬರು ರಾಜು, ಒಬ್ಬರು ಅಮ್ಮ, ಒಬ್ಬರು ಅಜ್ಜಿ. ಯಾವ ಭಾಷೆಯಲ್ಲಾದರೂ ಮಾತಾಡಬಹುದು. ಬಾಯಿಯ ಚಲನೆಗೆ ಮಾತು ಹೊಂದಬೇಕಿಲ್ಲ. ಶಾಲೆಯಲ್ಲಿ ದಿನಗಟ್ಟಲೆ ತುಟಿ ಬಿಚ್ಚದ ಹುಡುಗಿ ಅಜ್ಜಿಯ ಪಾತ್ರ ಸಿಕ್ಕೊಡನೆ ಸೊಂಟದ ಮೇಲೆ ಕೈಯಿಟ್ಟು ಕೊಂಕಣಿಯಲ್ಲಿ ಬೈಯತೊಡಗುತ್ತಾಳೆ. ಆ ಬೈಗುಳ ಚಿತ್ರಕಥೆಯಲ್ಲಿ ಇಲ್ಲ. ಅದು ಅವಳು ದಿನವೂ ಕೇಳಿದ್ದು: ನೀನು ಇನ್ನೊಬ್ಬರ ಮನೆಗೆ ಹೋಗುವವಳು, ನಾಲಿಗೆ ಈಗಲೇ ಹಿಡಿತದಲ್ಲಿರಲಿ. ತಾನೇ ಅಜ್ಜಿಯಾಗಿ ಆ ಮಾತನ್ನು ಎಸೆದಾಗ ಅದರ ಭಾರ ಅವಳಿಗೂ ತಿಳಿಯುತ್ತದೆ, ಕೇಳುವ ನಮಗೂ ತಿಳಿಯುತ್ತದೆ.

ಎರಡು ಸೂಚನೆ. ಪಾತ್ರ ಬದಲಾಗುತ್ತಿರಲಿ, ಅಜ್ಜಿಯಾದವಳು ಮುಂದಿನ ಸಲ ರಾಜು ಆಗಲಿ. ಮೊಬೈಲಿನಲ್ಲಿ ಇದನ್ನು ರೆಕಾರ್ಡ್ ಮಾಡಬೇಡಿ. ಪ್ರತಿಭಾ ಕಾರಂಜಿಗೆ ಇದನ್ನೇ ನಾಟಕ ಮಾಡೋಣ ಎಂದು ಯಾರಾದರೂ ಹೇಳುತ್ತಾರೆ. ಆಗ ಸಂಭಾಷಣೆಯನ್ನು ಹೊಸದಾಗಿ ಬರೆಯಿರಿ, ಮಕ್ಕಳ ಬಾಯಿಂದ ಅಂದು ಬಂದದ್ದನ್ನು ವೇದಿಕೆಗೆ ಒಯ್ಯಬೇಡಿ.

5. ಕೆಲಸದ ಲೆಕ್ಕ ಕಪ್ಪುಹಲಗೆಗೆ ಬರಲಿ

ಮೀನಾ ಮತ್ತು ರಾಜು ಕೆಲಸ ಬದಲಿಸುವ ಭಾಗವೇ ಕಂತಿನ ಜೀವ. ಅದನ್ನು ನೋಡಿದ ಮೇಲೆ ಹಲಗೆಯ ನಡುವೆ ಗೆರೆ ಎಳೆಯುತ್ತೇನೆ. ಒಂದು ಕಡೆ ನಮ್ಮೂರ ಮೀನಾ, ಇನ್ನೊಂದು ಕಡೆ ನಮ್ಮೂರ ರಾಜು. ಏಳುವುದರಿಂದ ಮಲಗುವವರೆಗೆ ಯಾರು ಏನು ಮಾಡುತ್ತಾರೆ, ಎಷ್ಟು ಹೊತ್ತು?

ಪಟ್ಟಿ ಊರಿಂದ ಊರಿಗೆ ಬೇರೆ. ಜೊಯಿಡಾದಲ್ಲಿ ದನ, ಸೌದೆ, ತರಗೆಲೆ, ನೀರು, ತಮ್ಮನನ್ನು ನೋಡಿಕೊಳ್ಳುವುದು. ಹಳಿಯಾಳದ ಬಯಲಿನಲ್ಲಿ ಕಬ್ಬು, ಗೋವಿನಜೋಳ, ಹತ್ತಿಯ ಹೊಲಕ್ಕೆ ಬುತ್ತಿ ಒಯ್ಯುವುದು. ದಾಂಡೇಲಿಯಲ್ಲಿ ನಲ್ಲಿ ನೀರು ಬಂದಾಗ ಕೊಡ ತುಂಬುವುದು, ಅಂಗಡಿಗೆ ಓಡುವುದು, ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗಿದಾಗ ಸದ್ದು ಮಾಡದಂತೆ ತಮ್ಮ-ತಂಗಿಯರನ್ನು ಹಿಡಿದಿಡುವುದು. ಈ ಕೊನೆಯದನ್ನು ಕೆಲಸ ಎಂದು ಬರೆಯಬೇಕೇ ಬೇಡವೇ ಎಂದು ತರಗತಿಯಲ್ಲಿ ದೊಡ್ಡ ಚರ್ಚೆ ನಡೆದು, ಬರೆಯಬೇಕೆಂದೇ ತೀರ್ಮಾನವಾಯಿತು. ಅಲ್ಲಿಯವರೆಗೆ ಅದು ಕೆಲಸವೆಂದು ಯಾರಿಗೂ ಅನ್ನಿಸಿರಲಿಲ್ಲ.

ಇದನ್ನು ಗಣಿತದ ಅವಧಿಯಲ್ಲೇ ಮಾಡಿ. ಗಂಟೆ, ನಿಮಿಷ, ಕೂಡುವುದು, ಕಂಬನಕ್ಷೆ ಎಲ್ಲ ಅದರಲ್ಲೇ ಬರುತ್ತವೆ. ಹೆಣ್ಣುಮಕ್ಕಳ ಪಟ್ಟಿಯಲ್ಲಿ ನೀರು ಮತ್ತು ಕೂಸಿನ ಆರೈಕೆ ಹೆಚ್ಚು ಹೊತ್ತು ನುಂಗುತ್ತವೆ. ಮನೆ ಮನೆಗೆ ಗಂಗೆ ಯೋಜನೆಯ ನಲ್ಲಿ ಬಂದ ಊರಿನಲ್ಲಿ ಆ ಸಾಲು ಎಷ್ಟು ಕುಗ್ಗಿತೆಂದು ಮಕ್ಕಳೇ ಹೇಳುತ್ತಾರೆ. ಜಗಳಕ್ಕೆ ಮನೆಯವರ ಸ್ವಭಾವವೊಂದೇ ಕಾರಣವಲ್ಲ, ಊರಿನ ನೀರು-ರಸ್ತೆಯೂ ಕಾರಣ ಎಂಬುದನ್ನು ಬಾಯಲ್ಲಿ ಹೇಳುವುದಕ್ಕಿಂತ ಈ ಕಂಬನಕ್ಷೆ ಚೆನ್ನಾಗಿ ತೋರಿಸುತ್ತದೆ. ಗ್ರಾಮ ಪಂಚಾಯ್ತಿಯವರು ನಡೆಸುವ ಮಕ್ಕಳ ಗ್ರಾಮ ಸಭೆಗೆ ಆ ನಕ್ಷೆಯನ್ನೇ ಒಯ್ಯಿರಿ. ‘ನಮಗೆ ನೀರು ಬೇಕು’ ಎನ್ನುವ ಅರ್ಜಿಗಿಂತ ‘ಐದನೇ ತರಗತಿಯ ಹುಡುಗಿಯರಿಗೆ ನೀರಿಗೆ ಇಷ್ಟು ಹೊತ್ತು ಹೋಗುತ್ತದೆ’ ಎಂಬ ಹಾಳೆಗೆ ಪಂಚಾಯ್ತಿಯವರು ಹೆಚ್ಚು ಕಿವಿಗೊಡುತ್ತಾರೆ.

6. ರಾಜುವಿಗೂ ಮಾತು ಸಿಗಲಿ

ಈ ಕಂತು ತೋರಿಸಿದಾಗ ಹುಡುಗಿಯರು ಗೆದ್ದಂತೆ, ಹುಡುಗರು ಸೋತಂತೆ ತರಗತಿ ಎರಡು ಪಕ್ಷವಾಗುವ ಅಪಾಯ ಇದ್ದೇ ಇದೆ. ಹುಡುಗರು ಹಲ್ಲು ಕಿರಿಯುತ್ತಾರೆ, ಇಲ್ಲವೇ ತಲೆ ತಗ್ಗಿಸುತ್ತಾರೆ. ಎರಡೂ ಕಲಿಕೆಯಲ್ಲ. ದೊಡ್ಡ ಪಾಲನ್ನು ರಾಜು ಕೇಳಿ ಪಡೆದದ್ದಲ್ಲ, ಅವನ ತಟ್ಟೆಗೆ ಬಂದು ಬಿದ್ದದ್ದು.

ನಮ್ಮ ಕಾಡಂಚಿನ ಗೌಳಿ ಹುಡುಗ ಎಮ್ಮೆಗಳ ಹಿಂದೆ ಹೋದರೆ ಹೊತ್ತು ಮುಳುಗುವ ತನಕ ಊಟವಿಲ್ಲ. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅವನ ಕೆಲಸದಲ್ಲಿ ಭಯವೂ ಇದೆ. ಅದನ್ನು ಹಲಗೆಯ ಮೇಲೆ ಬರೆದಾಗ ಹುಡುಗಿಯರೂ ಒಪ್ಪುತ್ತಾರೆ. ಲೆಕ್ಕ ಎರಡೂ ಕಡೆ ಪ್ರಾಮಾಣಿಕವಾಗಿದ್ದರೆ ಮಾತ್ರ ಹುಡುಗರು ಅದರಲ್ಲಿ ಕೂರುತ್ತಾರೆ.

ಆಮೇಲೆ ಹುಡುಗರಿಗೆ ಒಂದು ಪ್ರಶ್ನೆ: ಪಾಲು ಸಮ ಮಾಡಬೇಕೆಂದು ರಾಜುವಿಗೆ ಅನ್ನಿಸಿದರೆ ಅವನು ಅಮ್ಮನಿಗೆ ಏನು ಹೇಳಬಹುದು? ಇದು ಕಷ್ಟದ ಪ್ರಶ್ನೆ. ಬಾಯಿಬಿಟ್ಟು ಹೇಳಿದರೆ ಅಮ್ಮನಿಗೆ ಬೇಜಾರು, ಹೇಳದಿದ್ದರೆ ಏನೂ ಬದಲಾಗುವುದಿಲ್ಲ. ಮುಂಡಗೋಡದ ಒಂದು ಶಾಲೆಯ ಹುಡುಗ ಕೊಟ್ಟ ಉತ್ತರ ನನಗೆ ಇಷ್ಟವಾಯಿತು: ಏನೂ ಹೇಳುವುದು ಬೇಡ, ತನ್ನ ತಟ್ಟೆಯಿಂದ ತೆಗೆದು ಮೀನಾಳ ತಟ್ಟೆಗೆ ಹಾಕಿದರೆ ಅಮ್ಮನಿಗೆ ತಾನಾಗಿ ತಿಳಿಯುತ್ತದೆ. ಪಕ್ಕದವನು ಕೂಡಲೇ, ‘ಹೌದಲೇ, ಆಮ್ಯಾಲೆ ನೀ ಉಪವಾಸ ಇರು’ ಎಂದ. ಎರಡೂ ಮಾತಿನಲ್ಲಿ ಸತ್ಯವಿದೆ. ಯಾವುದನ್ನೂ ನಾನು ತಿದ್ದಲಿಲ್ಲ.

7. ಅಜ್ಜಿಯನ್ನು ಸೋಲಿಸಬೇಡಿ, ಶಾಲೆಗೆ ಕರೆಯಿರಿ

ತಂದೆ-ತಾಯಿ ಗೋವಾಕ್ಕೋ ಬೇರೆ ಊರಿಗೋ ದುಡಿಯಲು ಹೋದ ಮನೆಗಳಲ್ಲಿ ಮಕ್ಕಳಿಗೆ ಅಜ್ಜಿಯೇ ಮನೆ. ಹಳೆಯ ವಿಚಾರದವಳೆಂದು ಅವಳನ್ನು ನಗೆಪಾಟಲು ಮಾಡಿದರೆ ಮಗುವಿಗೆ ಇರುವ ಒಂದೇ ಆಸರೆಯನ್ನು ನಾವು ಅಲುಗಾಡಿಸಿದಂತೆ. ಪೋಷಕರ ಸಭೆಗೆ ನಾನು ಅಜ್ಜಿಯರನ್ನು ಹೆಸರು ಹಿಡಿದು ಕರೆಯುತ್ತೇನೆ. ಕಬ್ಬು ಕಡಿಯುವ ದಿನಗಳಲ್ಲಿ ಬೇಡ, ಉಳವಿ ಜಾತ್ರೆಯ ವಾರದಲ್ಲಂತೂ ಬೇಡವೇ ಬೇಡ, ಯಾರೂ ಬರುವುದಿಲ್ಲ. ನಾಟಿ ಮುಗಿದು ಮಳೆ ಸ್ವಲ್ಪ ಬಿಡುವು ಕೊಟ್ಟ ಮಧ್ಯಾಹ್ನ ಒಳ್ಳೆಯದು.

ಅಜ್ಜಿಯರು ಕಾರ್ಟೂನನ್ನು ಮಕ್ಕಳಿಗಿಂತ ಹೆಚ್ಚು ತನ್ಮಯರಾಗಿ ನೋಡುತ್ತಾರೆ. ಮುಗಿದ ಮೇಲೆ ನಾನು ಪಾಲಿನ ಮಾತು ಎತ್ತುವುದಿಲ್ಲ. ನೀವು ಸಣ್ಣವರಿದ್ದಾಗ ಊಟಕ್ಕೆ ಕೂರುವ ಕ್ರಮ ಹೇಗಿತ್ತು ಎಂದು ಕೇಳುತ್ತೇನೆ. ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಉಳಿದದ್ದು ನಮಗೆ, ಕೆಲವು ದಿನ ಗಂಜಿಯ ತಿಳಿ ಅಷ್ಟೇ. ಹೀಗೆ ಹೇಳಿದ ಅಜ್ಜಿಯೇ ಮೊಮ್ಮಗಳ ಕಡೆ ತಿರುಗಿ ನೋಡುತ್ತಾಳೆ. ಅಲ್ಲಿ ಭಾಷಣಕ್ಕೆ ಕೆಲಸವಿಲ್ಲ.

ಆದರೆ ಗಂಡುಹುಡುಗನಿಗೆ ಹೆಚ್ಚು ಬೇಕಲ್ಲ ಎಂದು ಅಜ್ಜಿಯೊಬ್ಬಳು ಕೇಳಿದರೆ ಉತ್ತರ ಕೈಯಲ್ಲಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2020ರ ಶಿಫಾರಸಿನಲ್ಲಿ ಒಂಬತ್ತು ವರ್ಷದವರೆಗೆ ಗಂಡು, ಹೆಣ್ಣು ಎಂಬ ಬೇರೆ ಬೇರೆ ಲೆಕ್ಕವೇ ಇಲ್ಲ. ಹತ್ತರ ನಂತರ ಅನ್ನದ ಲೆಕ್ಕ ಗಂಡುಮಕ್ಕಳಿಗೆ ಸ್ವಲ್ಪ ಹೆಚ್ಚಾಗುವುದು ನಿಜ. ಕಬ್ಬಿಣಾಂಶದಲ್ಲಿ ಮಾತ್ರ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ: 10ರಿಂದ 12 ವರ್ಷದ ಹುಡುಗನಿಗೆ ದಿನಕ್ಕೆ 16 ಮಿಲಿಗ್ರಾಂ ಸಾಕು, ಅದೇ ವಯಸ್ಸಿನ ಹುಡುಗಿಗೆ 28 ಬೇಕು. ಕಾರಣವನ್ನು ಅಜ್ಜಿಗೆ ಬಿಡಿಸಿ ಹೇಳಬೇಕಿಲ್ಲ, ಹುಡುಗಿ ದೊಡ್ಡವಳಾಗುವ ವಯಸ್ಸು ಅದು ಎಂದರೆ ಸಾಕು. ನುಗ್ಗೆಸೊಪ್ಪು, ಹುರುಳಿ, ಮೊಟ್ಟೆ ಯಾರ ತಟ್ಟೆಗೆ ಮೊದಲು ಬೀಳಬೇಕು ಎಂದು ಕೇಳಿದರೆ ಅಜ್ಜಿಯೇ ಲೆಕ್ಕ ಹಾಕುತ್ತಾಳೆ. ಆರೋಗ್ಯ ಇಲಾಖೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯ ಮಾತನ್ನೂ ಅದೇ ಸಭೆಯಲ್ಲಿ ಸೇರಿಸಬಹುದು. ಸಣ್ಣವರಿಗೆ ಗುಲಾಬಿ, ಹದಿಹರೆಯದವರಿಗೆ ನೀಲಿ, ಗಂಡು-ಹೆಣ್ಣು ಇಬ್ಬರಿಗೂ.

8. ಪಾಲಿಗಿಂತ ಮೊದಲು ಹಣ್ಣು ಬೇಕು

ಕಾರ್ಟೂನಿನ ಕೊನೆಯಲ್ಲಿ ಸಮಪಾಲಿಗೆ ಎಲ್ಲರೂ ಒಪ್ಪುತ್ತಾರೆ, ಮನೆ ನಗುತ್ತದೆ. ಇರುವುದನ್ನು ಸಮವಾಗಿ ಹಂಚಿದರೂ ಹೊಟ್ಟೆ ತುಂಬದ ಮನೆಗಳು ನಮ್ಮಲ್ಲಿವೆ. ಅಲ್ಲಿ ಜಗಳ ನ್ಯಾಯದ್ದಲ್ಲ, ಕೊರತೆಯದ್ದು. ಆ ಮನೆಯ ತಾಯಿಗೆ ಸಮಾನತೆಯ ಪಾಠ ಹೇಳಲು ಹೋಗುವುದು ಅವಳಿಗೆ ಮಾಡುವ ಅವಮಾನ.

ಇಂಥಲ್ಲಿ ಶಾಲೆಯ ತಟ್ಟೆ ದೊಡ್ಡ ಕೆಲಸ ಮಾಡುತ್ತದೆ. ಬಿಸಿಯೂಟದ ಜೊತೆ ಮೊಟ್ಟೆ ಮೊದಲು ಬಂದದ್ದು 2021ರ ಕೊನೆಗೆ ಕೆಲವೇ ಜಿಲ್ಲೆಗಳಿಗೆ. 2022ರಿಂದ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ ಸಿಗುವಂತಾಯಿತು. ತಿನ್ನದವರಿಗೆ ಬಾಳೆಹಣ್ಣು. ತಲೆಗೊಂದು, ರಾಜುವಿಗೂ ಒಂದು, ಮೀನಾಗೂ ಒಂದು. ಹಂಚಿಕೆಯ ಬಗ್ಗೆ ನಾನು ಹೇಳುವ ಯಾವ ಮಾತಿಗಿಂತಲೂ ಈ ಮೊಟ್ಟೆ ಗಟ್ಟಿ ಪಾಠ. ಮನೆಯಲ್ಲಿ ಮೊಟ್ಟೆ ಅಣ್ಣನಿಗೆ ಎಂದು ತಿಳಿದು ಬೆಳೆದ ಹುಡುಗಿ ಇಲ್ಲಿ ತನ್ನ ಪಾಲಿನ ಮೊಟ್ಟೆಯ ಸಿಪ್ಪೆಯನ್ನು ತಾನೇ ಸುಲಿಯುತ್ತಾಳೆ.

ಕೆಲವು ಮಕ್ಕಳು ಮೊಟ್ಟೆಯನ್ನು ಚೀಲದಲ್ಲಿಟ್ಟು ಮನೆಗೆ ಒಯ್ಯುವುದನ್ನು ಅಡುಗೆಯವರು ಗಮನಿಸುತ್ತಾರೆ. ಬೈಯಬೇಡಿ. ಮನೆಯಲ್ಲಿ ಯಾರಿಗೆ ಎಂದು ಮೆಲ್ಲಗೆ, ಒಬ್ಬರೇ ಇದ್ದಾಗ ಕೇಳಿ. ತಂಗಿಗೆ ಎಂದರೆ ಆ ತಂಗಿಯ ಹೆಸರು ಅಂಗನವಾಡಿಯಲ್ಲಿ ಇದೆಯೇ ನೋಡಿ. ಸಿದ್ದಿ ಕುಟುಂಬವಾದರೆ ಸರ್ಕಾರದ ಪೌಷ್ಟಿಕ ಆಹಾರದ ಕಿಟ್ ತಲುಪುತ್ತಿದೆಯೇ ವಿಚಾರಿಸಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಕಾಗದಪತ್ರ ಸರಿಯಿಲ್ಲದೆ ಸೌಲಭ್ಯ ತಪ್ಪುವ ಮನೆಗಳು ಈಗಲೂ ಇವೆ.

9. ಮಾವಿನ ಹಣ್ಣಿನದಲ್ಲದ ಜಗಳ ಬಂದಾಗ

ಧ್ವನಿ ಮುಚ್ಚಿ ಆಡಿಸುವಾಗ ಎಂದಾದರೊಮ್ಮೆ ಅಪ್ಪನ ಪಾತ್ರದ ಹುಡುಗ ಸುಮ್ಮನೆ ಕೈ ಎತ್ತುತ್ತಾನೆ. ಕಥೆಯಲ್ಲಿ ಇಲ್ಲದ ಸಾರಾಯಿ ವಾಸನೆ ಮಾತಿನಲ್ಲಿ ಬರುತ್ತದೆ. ತರಗತಿ ಸ್ತಬ್ಧವಾಗುತ್ತದೆ. ಅಲ್ಲಿ ಪ್ರಶ್ನೆ ಕೇಳಬಾರದು. ಆಟವನ್ನು ಮಿಠ್ಠುವಿನ ಕಡೆ ತಿರುಗಿಸಿ, ನಗಿಸಿ, ಅವಧಿ ಮುಗಿಸಿ. ಆಮೇಲೆ ಆ ಮಗುವಿನ ಜೊತೆ, ಬಾಗಿಲು ತೆರೆದಿರುವ ಕೋಣೆಯಲ್ಲಿ, ಅವಸರವಿಲ್ಲದೆ ಕೂತು ಮಾತಾಡಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಮಾತ್ರ ಕೊಡಬೇಡಿ, ಉಳಿಸಿಕೊಳ್ಳಲು ಆಗದ ಮಾತು ಅದು. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ’ ಎನ್ನಿ.

ಎಲ್ಲ ಶಿಕ್ಷಕರಿಗೂ ಗೊತ್ತಿರಬೇಕಾದ ಕೆಲವು ವಿಷಯಗಳಿವೆ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ. ಮಹಿಳೆಯರ ಸಹಾಯವಾಣಿ 181. ಕೌಟುಂಬಿಕ ದೌರ್ಜನ್ಯ ತಡೆಯ 2005ರ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಮುಚ್ಚಿಟ್ಟರೆ ಶಿಕ್ಷೆಯಿದೆ.

ಊರಿನ ಹಿರಿಯರನ್ನು ಸೇರಿಸಿ ರಾಜಿ ಮಾಡಿಸೋಣ ಎಂಬ ಸಲಹೆ ಬರುತ್ತದೆ. ಹಣ್ಣಿನ ಪಾಲಿಗೆ ರಾಜಿ ಸರಿ, ಪೆಟ್ಟಿಗೆ ಅಲ್ಲ. ಜೊಯಿಡಾದ ಎಷ್ಟೋ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಮಳೆಗಾಲದಲ್ಲಿ ದಾರಿಯೂ ಇಲ್ಲ. ಆದ್ದರಿಂದ ಜೂನ್ ತಿಂಗಳಿಗೆ ಮೊದಲೇ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಶಾಲೆ ಮೂವರೂ ಕೂತು ಇಂಥ ಹೊತ್ತಿನಲ್ಲಿ ಯಾರು ಯಾರಿಗೆ ಹೇಗೆ ತಿಳಿಸುವುದು ಎಂದು ಮಾತಾಡಿಕೊಂಡಿರಬೇಕು.

10. ಕರೆಂಟಿಲ್ಲದ ದಿನಕ್ಕೂ ಸಿದ್ಧರಿರಿ

ಚಿಕ್ಕ ಪಾಠ, ಆದರೆ ನಮ್ಮ ಕಡೆ ಇದಿಲ್ಲದೆ ಉಳಿದವು ನಡೆಯುವುದಿಲ್ಲ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು, ಅಂಬಿಕಾನಗರದಲ್ಲಿ ನಾಗಝರಿ ವಿದ್ಯುದಾಗಾರ. ರಾಜ್ಯಕ್ಕೆಲ್ಲ ಕಾಳಿ ನದಿ ಬೆಳಕು ಕೊಡುತ್ತದೆ, ಜುಲೈ ತಿಂಗಳಲ್ಲಿ ನಮ್ಮ ಶಾಲೆಯ ಟಿವಿ ಮಾತ್ರ ಕಪ್ಪು. ಕಂತನ್ನು ಫೋನಿನಲ್ಲೂ ಇಳಿಸಿಟ್ಟುಕೊಳ್ಳಿ. ಇನ್ನೂ ಒಳ್ಳೆಯದೆಂದರೆ ಕಂತಿನ ಐದಾರು ದೃಶ್ಯಗಳನ್ನು ಮಕ್ಕಳಿಂದಲೇ ದಪ್ಪ ಹಾಳೆಯ ಮೇಲೆ ಬರೆಸಿಡುವುದು. ಬಹುತರಗತಿಯ ಏಕೋಪಾಧ್ಯಾಯ ಶಾಲೆಯಲ್ಲಿ ದೊಡ್ಡ ಮಕ್ಕಳು ಸಣ್ಣವರಿಗೆ ಆ ಹಾಳೆ ತಿರುಗಿಸುತ್ತ ಕಥೆ ಹೇಳುತ್ತಾರೆ. ಮಕ್ಕಳು ಬಿಡಿಸಿದ ಚಿತ್ರದಲ್ಲಿ ಮೀನಾಳ ಮನೆ ನಮ್ಮೂರ ಹೆಂಚಿನ ಮನೆಯಾಗಿರುತ್ತದೆ, ಅಂಗಳದಲ್ಲಿ ಹುಲ್ಲಿನ ಬಣವೆ ಇರುತ್ತದೆ.

11. ಮೊದಲು ಶಾಲೆಯ ಪಾಲು ಸರಿಮಾಡಿ

ಈ ಕಂತು ತೋರಿಸಿದ್ದರಿಂದ ಮನೆಗಳಲ್ಲಿ ಎಷ್ಟು ಬದಲಾಯಿತು ಎಂದು ತರಬೇತಿಗಳಲ್ಲಿ ಕೇಳುತ್ತಾರೆ. ಮನೆಯೊಳಗೆ ಹೋಗಿ ತಟ್ಟೆ ಅಳೆಯುವ ಅಧಿಕಾರ ನಮಗಿಲ್ಲ, ಇರಬಾರದು ಕೂಡ. ಮಕ್ಕಳನ್ನು ಕೇಳಿದರೆ ನಮಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ. ಆದ್ದರಿಂದ ನಾನು ನೋಡುವುದು ನನ್ನ ಕಣ್ಣೆದುರಿನ ಜಾಗವನ್ನು.

ಬೆಳಿಗ್ಗೆ ವರಾಂಡ ಗುಡಿಸುವವರು ಯಾರು? ಕೈತೋಟಕ್ಕೆ ನೀರು ಹಾಕುವವರು ಯಾರು, ಗಂಟೆ ಬಾರಿಸುವವರು ಯಾರು? ಅಧಿಕಾರಿಗಳು ಬಂದಾಗ ಚಹಾ ತರಲು ಯಾರನ್ನು ಕಳಿಸುತ್ತೇವೆ, ಬೆಂಚು ಎತ್ತಲು ಯಾರನ್ನು ಕರೆಯುತ್ತೇವೆ? ಆಗಸ್ಟ್ ಹದಿನೈದಕ್ಕೆ ರಂಗೋಲಿ ಯಾರಿಗೆ, ಧ್ವಜದ ಹಗ್ಗ ಯಾರಿಗೆ? ಐದನೇ ಪಾಠದ ಗೆರೆಯನ್ನೇ ಹಲಗೆಯ ಮೇಲೆ ಮತ್ತೆ ಎಳೆದು ಶಾಲೆಯ ಕೆಲಸಗಳನ್ನು ಬರೆಸಿ. ಮೀನಾಳ ಮನೆಗೂ ನಮ್ಮ ಶಾಲೆಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಮಕ್ಕಳು ಅದನ್ನು ನಮಗಿಂತ ಮೊದಲೇ ಗಮನಿಸಿರುತ್ತಾರೆ, ಕೇಳಿರುವುದಿಲ್ಲ ಅಷ್ಟೆ.

ಬದಲಿಸುವುದು ಸುಲಭ. ಕೆಲಸದ ಸರದಿಯನ್ನು ಹಾಜರಿ ಪುಸ್ತಕದ ಕ್ರಮಸಂಖ್ಯೆಯಂತೆ ಮಾಡಿ ಗೋಡೆಗೆ ಅಂಟಿಸಿದರೆ ಮುಗಿಯಿತು. ಮೊದಲ ವಾರ ಕೆಲವು ಹುಡುಗರು ಪೊರಕೆ ಹಿಡಿಯಲು ನಾಚುತ್ತಾರೆ, ಯಾರದೋ ಮನೆಯಿಂದ ಆಕ್ಷೇಪವೂ ಬರುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಮೊದಲೇ ಮಂಡಿಸಿ ಒಪ್ಪಿಗೆ ಪಡೆದಿದ್ದರೆ ಆಕ್ಷೇಪಕ್ಕೆ ಉತ್ತರ ಕೊಡಲು ನೀವೊಬ್ಬರೇ ನಿಲ್ಲಬೇಕಾಗುವುದಿಲ್ಲ. ಪುರುಷ ಶಿಕ್ಷಕರೊಬ್ಬರು ಮೊದಲ ದಿನ ತಾವೇ ಪೊರಕೆ ಹಿಡಿದರಂತೂ ಹುಡುಗರ ನಾಚಿಕೆ ಅರ್ಧ ಇಳಿಯುತ್ತದೆ.

ಮನೆಯ ಪಾಲು ಮನೆಯವರು ಸರಿಮಾಡಿಕೊಳ್ಳಬೇಕು. ಅದಕ್ಕೆ ವರ್ಷಗಳೇ ಬೇಕಾಗಬಹುದು, ನಾವು ಅದನ್ನು ನೋಡುವುದಕ್ಕೆ ಮೊದಲೇ ನಮಗೆ ವರ್ಗವಾಗಿರಲೂಬಹುದು. ಶಾಲೆಯ ಗೇಟಿನೊಳಗೆ ಮಾತ್ರ ಅಂಥ ನೆಪ ಯಾವುದೂ ಇಲ್ಲ. ಅಲ್ಲಿಯ ಪಾಲು ಸೋಮವಾರವೇ ಸರಿಯಾಗಬಹುದು. ಮೀನಾಳ ಕಂತು ತೋರಿಸಬೇಕೆಂದಿರುವ ಶಿಕ್ಷಕರು ಸರದಿಯ ಪಟ್ಟಿಯನ್ನು ಮೊದಲು ಗೋಡೆಗೆ ಅಂಟಿಸಿ, ಟಿವಿಯ ಗುಂಡಿಯನ್ನು ಆಮೇಲೆ ಒತ್ತಲಿ.